ಮೊದಲ ರೊಟ್ಟಿ

ಗೋಡೆಗೊರಗಿಸಿ ಕೂರಿಸಿದ ಸಿದ್ದಲಿಂಗವ್ವನ ತಲೆ ಮತ್ತೆ ಬಲಕ್ಕೆ ವಾಲಿತು. ಸೊಸೆ ನಾಗರತ್ನಾ ಗಲ್ಲಕ್ಕೆ ಕೈ ಕೊಟ್ಟು ಎತ್ತಿ ಹಿಡಿದಳು. ಎಂಟು ತಿಂಗಳಿಂದ ಹೀಗೆಯೇ ಹಿಡಿದು ಗಂಜಿ ಕುಡಿಸಿದ ಕೈ. ಈಗ ಅದಕ್ಕೂ ಸಾಕಾಗಿತ್ತು.

"ಒಂದು ಅರಿವಿ ತಗೊಂಡು ಕಟ್ರಿ ಬೇ. ಎಷ್ಟೊತ್ತು ಹಿಡೀತಾಳ ಅಕಿ?" ಎಂದಳು ಸತ್ತವಳ ನಾದಿನಿ ಶಟ್ಟೆವ್ವ.

ಪಕ್ಕದ ಮನೆಯ ರಾಚವ್ವ ವಿಭೂತಿ ಕಲಸುತ್ತಿದ್ದಳು. "ತಂಬಾಕ ಮುಟ್ಟಲಿಲ್ಲ, ಅಡಕಿ ಹೋಳು ಸೈತ ಬಾಯಾಗ ಹಾಕಲಿಲ್ಲ. ಹೊಟ್ಟ್ಯಾಗ ಕ್ಯಾನ್ಸರ್ ಹೆಂಗ ಬಂತು? ನನ್ನ ಮೊಬೈಲಿನ್ಯಾಗ ಬಂದಿತ್ತು, ಸುಟ್ಟು ಕರ್ರಗಾದದ್ದು ತಿಂದ್ರ ಬರತೈತಂತ. ಉಪ್ಪಿನಕಾಯಿ ಬ್ಯಾಡಂತ, ಕಾಸಿದ ಎಣ್ಣ್ಯಾಗ ಮತ್ತ ಕರದ ಬಜಿ ಬ್ಯಾಡಂತ."

"ಹಂಗಾದ್ರ ತಿನ್ನೂದೇನಂತ? ಅದೊಂದು ಬಂದಿಲ್ಲೇನು ನಿನ್ನ ಮೊಬೈಲಿನ್ಯಾಗ?" ಎಂದಳು ಶಟ್ಟೆವ್ವ.

ಬಾಗಿಲ ಬಳಿ ಯಾರೋ ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಕೆಮ್ಮಿದರು. ನಾಗರತ್ನಾ ನಗಲಿಲ್ಲ. ಸುಟ್ಟು ಕರ್ರಗಾದದ್ದು ಎಂಬಲ್ಲಿಗೇ ಅವಳ ಕಿವಿ ನಿಂತುಹೋಗಿತ್ತು.

*

ಕಿತ್ತೂರಿನ ತವರುಮನೆಯಲ್ಲಿ ನಾಗರತ್ನಾಳಿಗೆ ಚಪಾತಿ ಲಟ್ಟಿಸುವುದಷ್ಟೇ ಗೊತ್ತಿತ್ತು. ಮದುವೆಯಾಗಿ ನೇಸರಗಿಗೆ ಬಂದ ಮೊದಲ ವಾರವೇ ಜೋಳದ ರೊಟ್ಟಿ ಬಡಿಯಲು ಕೂತಳು. ಹರಿಯದಂತೆ ಹಂಚಿಗೆ ಹಾಕುವುದರಲ್ಲೇ ಜೀವ ಹೋಗಿ, ಮಗುಚುವುದು ಮರೆತು, ರೊಟ್ಟಿ ಇದ್ದಿಲಾಯಿತು. ಅವಳಿಗೆ ಅಳು ಬಂತು. ಅತ್ತೆ ಅದನ್ನು ತನ್ನ ತಾಟಿಗೆ ಎಳೆದುಕೊಂಡಳು.

"ಇಂಥಾದ್ದ ನನಗ ಸೇರತೈತಿ. ಕಟುಂ ಕಟುಂ ಅಂತೈತಿ. ಗಂಡಸೂರಿಗೆ ಒಳ್ಳೇವು ಹಾಕು."

ತಿಂಗಳೊಳಗೆ ನಾಗರತ್ನಾಳ ಕೈ ಪಳಗಿತು. ಆದರೂ ಕಾದ ಹಂಚಿನ ಮೊದಲ ರೊಟ್ಟಿ ಕರಕಲಾಗುವುದು ತಪ್ಪಲಿಲ್ಲ. ಅದು ಕೇಳದೆಯೇ ಅತ್ತೆಯ ತಾಟಿಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷ.

*

ಹೊಲದಲ್ಲಿ ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಸ್ನಾನ ಮುಗಿಸಿದ ಗಂಡ ಸುಭಾಸನನ್ನು ನಾಗರತ್ನಾ ಹಿತ್ತಲಲ್ಲಿ ತಡೆದಳು.

"ಏನ್ರಿ, ಯಾತಕ್ಕ ಬಂತಂತ ಅಂದಿದ್ರು ಡಾಕ್ಟರ್?"

"ಇದರಿಂದನ ಅಂತ ಹೇಳಾಕ ಬರಂಗಿಲ್ಲ ಅಂದಾರ. ಎಷ್ಟ ಸಲ ಕೇಳತಿ?"

"ಇದರಿಂದ ಅಲ್ಲ ಅಂತನೂ ಅಂದಿಲ್ಲಲ್ಲ."

"ಯಾವದರಿಂದ?"

ಅವಳು ಟವೆಲ್ ಕೊಟ್ಟು ಒಳಗೆ ಹೋದಳು.

ಆ ದಿನ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಎದುರು ಮನೆಯ ಅನ್ವರಬಿ ಒಂದು ಬುಟ್ಟಿ ರೊಟ್ಟಿ, ಬೋಗುಣಿ ತುಂಬ ಬ್ಯಾಳಿ ಸಾರು ತಂದಿಟ್ಟು, "ಅವಸರದಾಗ ಬಡದೇನ್ರಿ, ಹೆಂಗರ ಉಣ್ರಿ" ಎಂದು ಕಣ್ಣೊರೆಸಿಕೊಂಡು ಹೋದಳು.

ಎಲ್ಲರೂ ಉಣ್ಣತೊಡಗಿದರು. ಶಟ್ಟೆವ್ವ ಮಾತು ತೆಗೆದಳು. "ನಾಡದ ಸಮಾಧಿಗೆ ಎಡಿ ಒಯ್ಯಬೇಕು. ಸತ್ತವರಿಗೆ ಸೇರೂದನ್ನ ಇಡಬೇಕು. ವೈನಿಗೆ ಏನ ಸೇರತಿತ್ತು, ಹೇಳ್ರಿ."

"ಕರಕಲ ರೊಟ್ಟಿ," ಎಂದ ಸುಭಾಸ, ಯೋಚಿಸದೆ. "ಅವ್ವಗ ಅದಂದ್ರ ಜೀವ."

ನಾಗರತ್ನಾ ಮುರಿದ ತುತ್ತನ್ನು ತಾಟಿಗೇ ಬಿಟ್ಟಳು. ಬೆಳಗಿನಿಂದ ಒಂದು ಮಾತೂ ಆಡದಿದ್ದ ಮಾವ ನಿಜಗುಣಪ್ಪ ಗಂಟಲು ಸರಿಪಡಿಸಿಕೊಂಡ.

"ನಾ ಕನ್ಯಾ ನೋಡಾಕ ಹ್ವಾದಾಗ ಅಕಿ ಹಿತ್ತಲದಾಗ ಕರಕಲ ರೊಟ್ಟಿ ನಾಯಿಗೆ ಹಾಕಾಕ ಹತ್ತಿದ್ಳು. ಅವರವ್ವ ಬೈದ್ರ, ಸುಟ್ಟ ವಾಸನಿ ಬರತೈತಿ, ನಾ ಒಲ್ಲೆ ಅಂದ್ಳು. ನನ್ನ ಕಿವಿಲೇ ಕೇಳೇನಿ."

"ಮತ್ತ ನೀವು ಸುಮ್ಮನ ಯಾಕ ಇದ್ರಿ ಮಾವಾರ?" ಎಂದಳು ನಾಗರತ್ನಾ.

ಮುದುಕ ತಾಟು ನೋಡುತ್ತ ಹೇಳಿದ. "ನನ್ನ ತಾಟಿಗೆ ಒಳ್ಳೇವ ಬೀಳತಿದ್ದುವು."

ಬುಟ್ಟಿ ಮತ್ತೊಂದು ಸುತ್ತು ಬಂತು. ಕೈಗಳು ಸುಟ್ಟದ್ದನ್ನು ಬದಿಗೆ ಸರಿಸುತ್ತ ಸರಿಸುತ್ತ, ಕೊನೆಗೆ ಅನ್ವರಬಿಯ ಮೊದಲ ರೊಟ್ಟಿಯೊಂದೇ ತಳದಲ್ಲಿ ಉಳಿಯಿತು. ಅಂಚು ಕಪ್ಪಾಗಿತ್ತು. ನಾಗರತ್ನಾ ಅದಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ನಿಜಗುಣಪ್ಪ ಅದನ್ನು ತನ್ನ ತಾಟಿಗೆ ಎಳೆದುಕೊಂಡ.

"ಬಿಡ್ರಿ ಮಾವಾರ, ನಿಮಗ ಹಲ್ಲಿಲ್ಲ. ನಾಯಿಗೆ ಹಾಕತೇನಿ."

ಅವನು ಕೇಳಲಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ಕೂತ. ಉಳಿದವರು ಕೈ ತೊಳೆದು ಎದ್ದರು. ತಾಟಿನ ಸಾರಿನ ಮೇಲೆ ಕರಕಲಿನ ಚೂರುಗಳು ಒಂದೊಂದಾಗಿ ತೇಲಿ ಬಂದವು. ರೊಟ್ಟಿ ಮೆತ್ತಗಾಗುವುದನ್ನು ಕಾಯುತ್ತ ಮುದುಕ ಇನ್ನೂ ಕೂತಿದ್ದ.