ಕಮೋಡಿನ ಸೀಟಿನ ಮೊಕದ್ದಮೆ

ನಮ್ಮ ಹಾಲ್ವರ್ಸನ್ ಮೇಷ್ಟ್ರು ಮಾನವ ಹಕ್ಕುಗಳ ಪಾಠ ಶುರುಮಾಡಿದರೆ ನಮ್ಮೂರು ಡುಲೂತಿನ ಕೊರೆಯುವ ಚಳಿಯೂ ಓಡಿಹೋಗಬೇಕು, ಅಷ್ಟು ಬಿಸಿಯಾಗಿ ಮಾತಾಡುತ್ತಿದ್ದರು. ಮನುಷ್ಯನ ಘನತೆ ಅಂದಾಗಲಂತೂ ಮೇಜು ಗುದ್ದುತ್ತಿದ್ದರು. ಅದೇ ಮೇಜಿನ ಪಕ್ಕದ ಮೊಳೆಗೆ ಹಳೆಯ ಕಮೋಡಿನ ಸೀಟೊಂದನ್ನು ನೇತುಹಾಕಿದ್ದರು. ಪಾಠದ ನಡುವೆ ಶೌಚಾಲಯಕ್ಕೆ ಹೋಗುವವರು ಅದನ್ನು ಹಿಡಿದುಕೊಂಡೇ ಹೋಗಬೇಕು. ಬೇರೆ ಮೇಷ್ಟ್ರುಗಳು ಅದಕ್ಕೆ ಅನುಮತಿಯ ಚೀಟಿ ಕೊಡುತ್ತಿದ್ದರು. ಸೀಟಾದರೆ ಕಳೆಯುವುದಿಲ್ಲ, ಯಾರೂ ಅದನ್ನು ಹಿಡಿದು ಸುಮ್ಮನೆ ಅಲೆಯುವುದೂ ಇಲ್ಲ ಎಂಬುದು ಇವರ ಲೆಕ್ಕ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಹುಡುಗರಿಗೆ ಅದು ತಮಾಷೆ. ನನ್ನ ಗೆಳತಿ ಒಡೆಸ್ಸಾಗೆ ಮಾತ್ರ ಪ್ರಾಣಸಂಕಟ. ಆ ಸೀಟಿಗೆ ಹೆದರಿ ಅವಳು ಶಾಲೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ, ಮಧ್ಯಾಹ್ನವಾದರೆ ತಲೆನೋವು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಮೇಷ್ಟ್ರು, "ಹಕ್ಕು ಉಲ್ಲಂಘನೆ ಆದ ಪ್ರಕರಣ ಒಂದನ್ನ ನೀವೇ ಹುಡುಕಿ ತನ್ನಿ, ಇಲ್ಲೇ ಕೋರ್ಟ್ ನಡೆಸೋಣ. ನಿಮ್ಮ ತೀರ್ಪಿಗೆ ನಾನೂ ತಲೆ ಬಾಗ್ತೀನಿ" ಎಂದರು. ಯಾವುದೋ ದೂರದ ಸರ್ವಾಧಿಕಾರಿಯನ್ನು ಎಳೆದು ತರುತ್ತೇವೆಂದು ಕಾದಿದ್ದರು ಪಾಪ. ನಾನು ಎದ್ದು, "ಆರೋಪಿ ಹಾಲ್ವರ್ಸನ್ ಸರ್. ಸಾಕ್ಷ್ಯ, ಆ ಸೀಟು" ಎಂದೆ.

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಗುತ್ತ ಹೋಗಿ ಆರೋಪಿಯ ಕುರ್ಚಿಯಲ್ಲಿ ಕೂತರು.

ಅವರ ವಕೀಲನಾಗಿ ಟೆರೆಲ್ ಎದ್ದ. "ಏ ಬಿಡ್ರಪ್ಪ! ನಾನು ದಿನಾ ಅದನ್ನ ಹಾರದ ಥರ ಹಾಕ್ಕೊಂಡ್ ಹೋಗ್ತೀನಿ. ನನ್ನ ಘನತೆಗೆ ಏನಾಗಿದೆ?"

"ಇದ್ರೆ ತಾನೇ ಆಗೋಕೆ!" ಎಂದೆ.

"ಸರಿ, ಯಾರಿಗೆ ತೊಂದ್ರೆ ಆಗಿದೆ? ಒಬ್ಬರನ್ನ ಕರಿ ನೋಡೋಣ."

ಹೆಸರು ಎತ್ತುವುದಿಲ್ಲವೆಂದು ಒಡೆಸ್ಸಾಗೆ ಮಾತು ಕೊಟ್ಟಿದ್ದೆ. ಸಾಕ್ಷಿಯಿಲ್ಲದೆ ಮೊಕದ್ದಮೆ ನಿಲ್ಲುವಂತಿರಲಿಲ್ಲ. ನ್ಯಾಯಾಧೀಶೆಯಾಗಿದ್ದ ಮಾರಿಸೋಲ್ ವಜಾ ಮಾಡಲು ಬಾಯಿ ತೆರೆದೂ ಆಯಿತು.

"ನನಗೆ ಆಗಿದೆ."

ಒಡೆಸ್ಸಾ ಎದ್ದು ನಿಂತಿದ್ದಳು. ಕಿವಿ ಕೆಂಪಗಾಗಿತ್ತು. "ಅದನ್ನ ಹಿಡ್ಕೊಂಡು ಹೋಗೋಕೆ ನಾಚಿಕೆ ಆಗತ್ತೆ ಸರ್. ಅದಕ್ಕೇ ನಾನು ನೀರೇ ಕುಡಿಯಲ್ಲ."

ಯಾರೂ ನಗಲಿಲ್ಲ. ಟೆರೆಲ್ "ನನ್ನ ವಾದ ವಾಪಸ್" ಎಂದು ಕೂತುಬಿಟ್ಟ. ಮೇಷ್ಟ್ರ ಮುಖ ಇಳಿದುಹೋಯಿತು. "ನನಗೆ ಹೊಳೀಲೇ ಇಲ್ಲಮ್ಮ. ಎಲ್ಲರನ್ನೂ ನಗಿಸ್ತಿದೀನಿ ಅಂದ್ಕೊಂಡಿದ್ದೆ. ತಪ್ಪಾಯ್ತು."

ಮಾರಿಸೋಲ್ ತೀರ್ಪು ಕೊಟ್ಟಳು: "ಇವತ್ತಿಂದ ಹೇಳಿ ಹೋದ್ರೆ ಸಾಕು. ಆರೋಪಿ ಮಾತ್ರ ವಾರವಿಡೀ ಆ ಸೀಟನ್ನ ಕುತ್ತಿಗೆಗೆ ಹಾಕ್ಕೊಂಡೇ ಶಾಲೆಯೆಲ್ಲಾ ಓಡಾಡ್ಬೇಕು!"

ನಾವು ಬೆಂಚು ಬಡಿದು ಕೂಗಿದೆವು. ಮೇಷ್ಟ್ರು ಎದ್ದು ಮೊಳೆಯತ್ತ ಕೈ ಚಾಚಿದರು.

"ಬೇಡ!" ಎಂದಳು ಒಡೆಸ್ಸಾ. "ಅವರಿಗೂ ನಾಚಿಕೆ ಆಗಲ್ವೇನ್ರೇ?"

ಗದ್ದಲವೆಲ್ಲ ತಣ್ಣಗಾಯಿತು. ಮಾರಿಸೋಲ್ ತಲೆ ಕೆರೆದುಕೊಂಡು ಶಿಕ್ಷೆ ರದ್ದು ಮಾಡಿದಳು. ಎಂಥ ಮೋಜು ಹಾಳಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ಮರುಕ್ಷಣವೇ ಒಡೆಸ್ಸಾ ಬಗ್ಗೆ ಹೆಮ್ಮೆ ಉಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಸರ್, ಹೋಗ್ಬರ್ತೀನಿ" ಎಂದಳು ಒಡೆಸ್ಸಾ.

"ಎಲ್ಲಿಗಮ್ಮ?"

"ಇನ್ನೆಲ್ಲಿಗೆ ಸರ್? ಅರ್ಜೆಂಟು!"

ನಮ್ಮ ಶಿಳ್ಳೆ ಚಪ್ಪಾಳೆಗಳ ನಡುವೆ, ಎರಡೂ ಕೈ ಬೀಸಿಕೊಂಡು ರಾಣಿಯಂತೆ ಹೊರಗೆ ನಡೆದಳು.