ದೊಡ್ಡ ಸಿಸ್ಟರ್ ಮತ್ತೆ ಪಾಠಕ್ಕೆ ಕೂತಿದ್ದು

ಗುರುವಾರದ ತರಬೇತಿ ಎಂದರೆ ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್‌ಗೆ ಒಂದು ಸಹಿ, ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರು ಗೀಚಿ ಹಿಂದಿನ ಬಾಗಿಲಿನಿಂದ ವಾರ್ಡಿಗೆ ಹೊರಟುಬಿಡುತ್ತಿದ್ದರು.

"ಅಕ್ಕಾ, ಇವತ್ತಾದ್ರೂ ಕೂತ್ಕೊಳ್ಳಿ. ಅರ್ಧ ಗಂಟೆ," ಎಂದಳು ತರಬೇತಿ ಕೊಡುವ ಹುಡುಗಿ. ಅದೇ ವಾರ್ಡಿನ ನರ್ಸ್; ಸೇರಿ ಎರಡೇ ವರ್ಷ.

"ಅಜ್ಜಿಗೆ ಕೆಮ್ಮು ಕಲಿಸ್ತೀಯೇನೆ? ನೀನು ಹುಟ್ಟೋಕೆ ಮುಂಚಿಂದ ಹೆರಿಗೆ ಮಾಡಿಸ್ತಿದೀನಿ."

"ಈಗ ಕ್ರಮ ಬದಲಾಗಿದೆ ಅಕ್ಕಾ."

"ಅಲ್ಲಿ ಮೂರು ಜನ ನೋವು ತಿಂತಿದಾರೆ. ಅವ್ರನ್ನ ಯಾರು ನೋಡ್ಕೋಬೇಕು?"

ಅದೂ ಸುಳ್ಳಲ್ಲ. ವಾರ್ಡಿನಲ್ಲಿ ಕೆಲಸ ಬೆಟ್ಟದಷ್ಟು, ಕೈಗಳು ನಾಲ್ಕೇ. ಹುಡುಗಿ ಹಾಜರಿ ಪುಸ್ತಕವನ್ನು ಮುಂದಿನವರತ್ತ ಸರಿಸಿದಳು.

ಸೋಮವಾರ ಬೆಳಗ್ಗೆ ಹುಟ್ಟಿದ ಮಗು ಅಳಲಿಲ್ಲ. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ದೊಡ್ಡ ಸಿಸ್ಟರ್ ತಮಗೆ ಗೊತ್ತಿದ್ದಂತೆ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿಸಿ ಬೆನ್ನಿಗೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ನೀಲಿಗಟ್ಟಿದ ಆ ಪುಟ್ಟ ಮೈ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಯಾಕೆ ಅಳ್ತಿಲ್ಲ? ಯಾರಾದ್ರೂ ಹೇಳ್ರೀ!" ಎಂದು ತಾಯಿ ಕೂಗಿದಳು.

"ಕೊಡಿ ಅಕ್ಕಾ," ಎಂದು ಹುಡುಗಿ ಮಗುವನ್ನು ಎತ್ತಿಕೊಂಡಳು. ಮೇಜಿನ ಮೇಲೆ ಮಲಗಿಸಿ ಬೇಗಬೇಗ ಒರೆಸಿ, ತಲೆಯನ್ನು ನೇರಮಾಡಿ, ಮೂಗು ಬಾಯಿಗೆ ಪುಟ್ಟ ಮಾಸ್ಕ್ ಒತ್ತಿ, ಅದಕ್ಕೆ ಸೇರಿದ ರಬ್ಬರ್ ಚೀಲವನ್ನು ಎರಡೇ ಬೆರಳಲ್ಲಿ ಅದುಮಿದಳು. ಬಿಟ್ಟಳು, ಅದುಮಿದಳು. ಎದೆ ಏರಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಬೆಕ್ಕಿನಮರಿಯಂಥ ಒಂದು ಕೀರಲು ದನಿ ಹೊರಬಂತು.

ದೊಡ್ಡ ಸಿಸ್ಟರ್ ನಲ್ಲಿಯ ಕೆಳಗೆ ಕೈಯಿಟ್ಟು ನಿಂತೇ ಇದ್ದರು. ಹಾಗೆ ಬೆನ್ನು ತಟ್ಟುವುದನ್ನು ಕಲಿಸಿದ್ದು ಅವರ ಗುರು, 'ಗಡಿಯಾರದಮ್ಮ'. ಸೊಂಟದಲ್ಲಿ ಸದಾ ಗಡಿಯಾರ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಆ ದಪ್ಪ ಹೆಂಗಸು ಬೈಯುತ್ತಲೇ ಕಲಿಸುತ್ತಿದ್ದರು. ಬೈದ ಮೇಲೆ ತಮ್ಮ ಡಬ್ಬಿಯಿಂದಲೇ ಊಟ ಹಂಚುತ್ತಿದ್ದರು. ಬಿಳಿ ಸುಣ್ಣದ ಆ ಉದ್ದನೆ ಕೋಣೆ, ಕಿಟಕಿಯ ಬಿಸಿಲಲ್ಲಿ ಒಣಗುತ್ತಿದ್ದ ಪುಟ್ಟ ಪುಟ್ಟ ಬಟ್ಟೆಗಳು, ಹತ್ತೊಂಬತ್ತರ ಹರೆಯದ ತಮ್ಮ ಕೈ, ಅದರ ಮೇಲೆ ಗಡಿಯಾರದಮ್ಮನ ಬೆಚ್ಚನೆ ಕೈ.

ಆ ನೆನಪಿನ ಹಿಂದೆಯೇ, ಎಷ್ಟೋ ವರ್ಷದಿಂದ ಮರೆತೇಹೋಗಿದ್ದ ಇನ್ನೊಂದು ದಿನ ನೆನಪಾಯಿತು. ನಿವೃತ್ತಿಗೆ ಒಂದು ವರ್ಷವಿದ್ದಾಗ ಗಡಿಯಾರದಮ್ಮ ಎಲ್ಲೋ ತರಬೇತಿಗೆ ಹೋಗಿ ಬಂದಿದ್ದರು. ಹುಡುಗಿಯರನ್ನೆಲ್ಲ ಸೇರಿಸಿ, "ಹೊಕ್ಕುಳಿಗೆ ಪುಡಿ ಹಾಕಿ ಅಂತ ಹೇಳ್ಕೊಟ್ಟಿದ್ನಲ್ಲ, ಅದು ತಪ್ಪಂತೆ ಕಣ್ರೇ. ಹೊಡೆದುಹಾಕಿ, ಹೊಸದು ಬರ್ಕೊಳ್ಳಿ," ಎಂದಿದ್ದರು. ಹೇಳುವಾಗ ಮುಖದಲ್ಲಿ ನಾಚಿಕೆಯಿರಲಿಲ್ಲ. ಹೊಸ ಸೀರೆ ತೋರಿಸುವವರ ಸಂಭ್ರಮವಿತ್ತು.

ಅವರ ಕೈಚಳಕವನ್ನೆಲ್ಲ ಬಾಚಿಕೊಂಡೆ, ಇದೊಂದನ್ನು ಬಿಟ್ಟುಬಿಟ್ಟೆನಲ್ಲ ಎಂದುಕೊಂಡಾಗ ದೊಡ್ಡ ಸಿಸ್ಟರ್ ಕಣ್ಣು ತುಂಬಿಬಂತು.

ಗುರುವಾರ ಅವರು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಮೇಜಿನ ಮೇಲೆ ಅಭ್ಯಾಸದ ಗೊಂಬೆ ಮಲಗಿತ್ತು. ತಾವೇ ಎದ್ದು ಮಾಸ್ಕ್ ಹಿಡಿದರು.

"ತಲೆ ಸ್ವಲ್ಪ ಜಾಸ್ತಿ ಹಿಂದಕ್ಕೆ ಹೋಯ್ತಕ್ಕಾ," ಎಂದಳು ಹುಡುಗಿ ಅಂಜುತ್ತಾ.

"ಜೋರಾಗೇ ಹೇಳೇ, ಕೇಳಿಸಲಿ. ಹೀಗಾ?"

"ಇನ್ನೊಂಚೂರು ಮುಂದಕ್ಕೆ... ಹಾಂ, ಈಗ ಅದುಮಿ."

ಗೊಂಬೆಯ ಎದೆ ಮೆಲ್ಲನೆ ಮೇಲೆದ್ದಿತು. ದೊಡ್ಡ ಸಿಸ್ಟರ್ ತುಟಿಯಲ್ಲೇ ಎಣಿಸುತ್ತಾ ಮತ್ತೆ ಅದುಮಿದರು.