ಪ್ಲಾಸ್ಟಿಕ್ ಹಿಡಿಯ ಚಾಕು

ಕೈಗೆ ಭಾರ ಹತ್ತದ ವಸ್ತುವನ್ನು ನಂಜುಂಡಸ್ವಾಮಿ ಜನ್ಮದಲ್ಲಿ ನಂಬಿದವನಲ್ಲ. ಎರಡು ಸಾವಿರದ ಇಸವಿಯ ಹೊಸ್ತಿಲಲ್ಲಿ, ವೈಟುಕೆ ಎಂಬ ಕಂಪ್ಯೂಟರ್ ಕೆಲಸದ ಭರಾಟೆಯಲ್ಲಿ ಅಮೆರಿಕದ ಪಾರ್ಸಿಪನಿ ಊರಿಗೆ ಬಂದಾಗಲೂ, ಹಿತ್ತಾಳೆ ಹಿಡಿಯ ಮಡಚುವ ಚಾಕುವೊಂದು ಅವನ ಜೊತೆಗೇ ಬಂದಿತ್ತು.

ಹಾಗಾಗಿ ಆಯುಧಪೂಜೆಯ ಬೆಳಿಗ್ಗೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ, ಪಕ್ಕದ ಮನೆಯ ನವನೀತ್ ತನ್ನ ಹೊಸ ಚಾಕುವನ್ನು ಪೂಜೆಯ ತಟ್ಟೆಯಲ್ಲಿ ಇಟ್ಟಾಗ ನಂಜುಂಡಸ್ವಾಮಿಯ ಹುಬ್ಬು ಮೇಲೇರಿತು. ಅದರ ಹಿಡಿ ಕಪ್ಪು ಪ್ಲಾಸ್ಟಿಕ್ಕಿನದು, ಹೂವಿನಷ್ಟು ಹಗುರ. ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ, ಉಗುರಿನಿಂದ ಕೆರೆದ, ಮೂಸಿಯೂ ನೋಡಿದ.

"ಏನೋ ಮೋಸ ಇದೆ ಇದ್ರಲ್ಲಿ. ಒಳಗೆಲ್ಲ ಟೊಳ್ಳು."

"ಇಲ್ಲ ಸರ್, ಗಾಜಿನ ಎಳೆ ಸೇರಿಸಿರೋ ನೈಲಾನು. ಲೈಟ್‌ವೇಟ್, ಆದ್ರೆ ಗಟ್ಟಿ."

"ನೈಲಾನು ಸಾಲದು ಅಂತ ಗಾಜು ಬೇರೆ! ನಿಂಬೆಹಣ್ಣು ಕೊಯ್ಯೋವಾಗ ಮುರಿದ್ರೆ ಯಾರ ಬೆರಳು ಹೋಗತ್ತೆ? ಆಯುಧ ಅಂದ್ರೆ ಲೋಹ ಕಣಯ್ಯ. ಪ್ಲಾಸ್ಟಿಕ್ಕಿಗೆಲ್ಲ ನಾನು ಕುಂಕುಮ ಇಡಲ್ಲ."

ಚಾಕುವನ್ನು ತಟ್ಟೆಯಿಂದ ಆಚೆಗಿಟ್ಟು, ತನ್ನ ಹೊಸ ಕಾರಿನ ಮುಂದೆ ಬಗ್ಗಿ, ಬಂಪರಿನ ಉದ್ದಕ್ಕೂ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದ. ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ಪುಷ್ಪಲತಾ ಕೇಳಿದಳು:

"ರೀ, ಈಗ ಕುಂಕುಮ ಇಟ್ರಲ್ಲ, ಆ ಬಂಪರ್ ಯಾವ ಲೋಹದ್ದು?"

ನಂಜುಂಡಸ್ವಾಮಿ ಬೆರಳು ಮಡಚಿ ಬಂಪರನ್ನು ಕುಟ್ಟಿದ. ಟೊಳ್ಳು ಸದ್ದು ಬಂತು. ಬಾಗಿಲು ತೆಗೆದು ಡ್ಯಾಶ್‌ಬೋರ್ಡ್ ಕುಟ್ಟಿದ. ಅಲ್ಲೂ ಅದೇ ಸದ್ದು.

ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವ ಹೊತ್ತಿಗೆ ಕೀಲಿಕೈಯನ್ನು ನವನೀತನಿಗೆ ಕೊಟ್ಟು ಅಂದ:

"ಮೊದ್ಲು ನೀನೇ ಡ್ರೈವ್ ಮಾಡಪ್ಪ. ನಾನು ದೂರದಲ್ಲಿ ನಿಂತು ನೋಡ್ತೀನಿ."